ಗ್ರಾಹಕರ ಹೆಸರು

ಓಲ್ಡಮ್ಮಿನ ಹಳೆಯ ನೂಲಿನ ಗಿರಣಿ, ಮೂರನೆಯ ಮಹಡಿ.
ನೂಲು ಹೋಗಿ ಎಷ್ಟೋ ಕಾಲ. ಈಗ ಇಲ್ಲಿ
ಬಟ್ಟೆಗೆ ಬೆಂಕಿ ಇಡುವುದೇ ಕಸುಬು,
ಅದಕ್ಕೇ ಸಂಬಳ.

ಮೊದಲ ದಿನ ವಿನಿಫ್ರೆಡ್ ಆಗ್ಡನ್ ಕೇಳಿದಳು:
ಇನ್‌ಫ್ಲೇಮಬಲ್ ಅಂದರೇನು, ಬೆಸ್ನಿಕ್?
ಹೊತ್ತಿಕೊಳ್ಳದ್ದು, ಅಂದೆ.
ಮುಂದೆ ಇನ್ ನಿಂತಿದೆಯಲ್ಲ,
ಹೊಸಿಲಲ್ಲಿ ಕೈ ಅಡ್ಡ ಇಟ್ಟ ಕಾವಲುಗಾರ.
ಅವಳು ನಗಲಿಲ್ಲ. ಕನ್ನಡಕ ಒರೆಸಿಕೊಂಡು ಹೇಳಿದಳು:
ಅವನು ಕಾವಲುಗಾರ ಅಲ್ಲಪ್ಪ,
ಒಳಗೆ ಬನ್ನಿ ಬನ್ನಿ ಅಂತ ಕರೆಯುವವನು.
ಫ್ಲೇಮಬಲ್ಲೂ ಹೊತ್ತುತ್ತೆ, ಇನ್‌ಫ್ಲೇಮಬಲ್ಲೂ ಹೊತ್ತುತ್ತೆ.
ಈ ಭಾಷೆ ನಂಬಿ ಸಿಗರೇಟು ಹಚ್ಚಬೇಡ.

ಹನ್ನೆರಡು ಸೆಕೆಂಡು ಜ್ವಾಲೆ, ಆಮೇಲೆ ಗಡಿಯಾರ.
ನಾಟಕಶಾಲೆಯ ಪರದೆ, ಹೋಟೆಲಿನ ಹಾಸಿಗೆ, ಮಗುವಿನ ಅಂಗಿ
ಒಂದೊಂದು ಗೇಣು ಬಂದು ಕೊಕ್ಕೆಗೆ ತೂಗುತ್ತವೆ.
ರಿಟಾರ್ಡೆಂಟ್ ಅಂದರೆ
ಬಾಗಿಲ ಮೇಲೆ 'ನಾಳೆ ಬಾ' ಬರೆದ ಹಾಗೆ;
ಬೆಂಕಿಗೆ ಓದು ಬರುತ್ತೆ, ನಿಧಾನ ಅಷ್ಟೆ.
ರೆಸಿಸ್ಟೆಂಟ್ ಅಂದರೆ ತಡೆಯುತ್ತೆ.
ಎಷ್ಟು ಹೊತ್ತು ಅನ್ನುವುದನ್ನು ಪಕ್ಕದಲ್ಲೇ ಬರಿ.
ಫೈರ್‌ಪ್ರೂಫ್ ಅಂತ ಮಾತ್ರ ಬರೆಯಬೇಡ,
ಮಾರುವವರು ಫೋನು ಮಾಡಿ ಅಂಗಲಾಚಿದರೂ.
ಆ ಪದಕ್ಕೆ ರುಜು ಹಾಕಿದ ಕೈ ಈ ಕಟ್ಟಡದಲ್ಲಿಲ್ಲ.

ನನ್ನ ಅಜ್ಜಿಯ ಬಾಯಲ್ಲಿ ಇದ್ದದ್ದು ಎರಡೇ:
ಉರಿಯುತ್ತೆ, ಉರಿಯಲ್ಲ.
ಜ್ಯಾಕೋವಾದ ಮನೆ ಮೊದಲನೆಯದು.
ತೊಲೆ, ತೊಟ್ಟಿಲು, ನನ್ನ ಶಾಲೆಯ ಚೀಲ,
ಎಲ್ಲ ಮೊದಲನೆಯದೇ.
ಅವಳು ಹೊದ್ದು ಬೆಟ್ಟ ದಾಟಿದ ಕುರಿಯುಣ್ಣೆಯ ಕಂಬಳಿ
ಎರಡನೆಯದು, ಅಂಚಿನ ಅಂಗೈಯಗಲ ಕರಿ ತೂತು ಬಿಟ್ಟರೆ.
ಆ ತೂತಿಗೆ ಅವಳಲ್ಲಿ ಪದವಿರಲಿಲ್ಲ.
ಮಲಗುವಾಗ ಅದರ ಸುತ್ತ ಬೆರಳಾಡಿಸುತ್ತಿದ್ದಳು.

ಗುರುವಾರ ಊಟದ ಹೊತ್ತಿಗೆ
ಕಂಬಳಿಯ ಮೂಲೆಯೊಂದು ತುಂಡು ತಂದೆ.
ಕತ್ತರಿಸುವಾಗ ಕೈ ನಡುಗಿತ್ತು, ಸುಡುವಾಗ ಇಲ್ಲ.
ವಿನಿಫ್ರೆಡ್ ಏನೂ ಕೇಳದೆ ಕೊಕ್ಕೆಗೆ ಸಿಕ್ಕಿಸಿದಳು.
ಜ್ವಾಲೆ ನೆಕ್ಕಿತು. ಕೂದಲು ಸುಟ್ಟ ನಾತ.
ಸುರುಟಿತು, ಕಪ್ಪಾಯಿತು, ಉರಿ ಸರಿಸಿದೊಡನೆ
ತನ್ನಷ್ಟಕ್ಕೆ ತಾನೇ ಬಿಟ್ಟುಬಿಟ್ಟಿತು.
ಸೆಲ್ಫ್ ಎಕ್ಸ್‌ಟಿಂಗ್ವಿಶಿಂಗ್, ಅಂದಳು.
ನನ್ನಿಂದ ಎರಡು ಸಲ ಹೇಳಿಸಿದಳು.
ಎರಡು ಸಲವೂ ನಾಲಿಗೆ ಎಡವಿದ್ದು ಆ ಗ್ವಿಯಲ್ಲೇ.

ಆಮೇಲೆ ಫಾರಂ ಎಳೆದುಕೊಂಡಳು.
ವಸ್ತು: ಉಣ್ಣೆ.
ಉಳಿದ ಉರಿ: ಸೊನ್ನೆ ಸೆಕೆಂಡು.
ಗ್ರಾಹಕರ ಹೆಸರು?
ಹೈರಿಯೆ, ಅಂದೆ. ಅಕ್ಷರ ಅಕ್ಷರ ಬಿಡಿಸಿ ಹೇಳಿದೆ.
ಎರಡು ಕಡೆ ಜೆ ಬರೆಯಬೇಕು, ಓದುವಾಗ ಜ ಇಲ್ಲ.
ಈಗ ನಕ್ಕಳು:
ನಿಮ್ಮದೂ ಹೀಗೇನಾ?