ಶೇಷ

ಹೊಸನಗರದ ಎಂಟೂವರೆ ಬಸ್ಸಿಳಿದು
ಸಂಕ ದಾಟಿದರೆ ನಮ್ಮ ಶಾಲೆ.
ಮೈದಾನ ಅನ್ನುವುದು ಬರೀ ಮರ್ಯಾದೆಗೆ,
ಅದೊಂದು ಇಳಿಜಾರು.
ಕೈತಪ್ಪಿದ ಚೆಂಡು ಸೀದಾ ಹಳ್ಳದ ಪಾಲು.
ಹಾಗಾಗಿ ನಮ್ಮಲ್ಲಿ
ಚೆಂಡಿಲ್ಲದ ಆಟಗಳೇ ಜಾಸ್ತಿ.

ಕಿರಿಯ ಪ್ರಾಥಮಿಕಕ್ಕೆ ಆಟದ ಮೇಷ್ಟರಿಲ್ಲ.
ಗಣಿತ, ಪರಿಸರ, ಬಿಸಿಯೂಟದ ಲೆಕ್ಕ, ಸೀಟಿ
ಎಲ್ಲ ನನ್ನ ಕೊರಳಿಗೇ.
ತರಬೇತಿಯಲ್ಲಿ ಕೊಟ್ಟ ಪುಸ್ತಕ ಹೇಳುತ್ತದೆ:
ಮೊದಲ ಐದು ನಿಮಿಷ ಮೈ ಬಿಸಿಯೇರಿಸಿ.
ಸ್ವೆಟರಿನ ತೋಳೊಳಗೆ ಕೈ ಎಳೆದುಕೊಂಡು
ಹನ್ನೊಂದು ಮಕ್ಕಳು ನಿಂತಿದ್ದಾರೆ,
ಬಾಯಿಂದ ಹೊಗೆ ಬಿಟ್ಟು
ಅಜ್ಜಂದಿರ ಬೀಡಿ ಅಣಕಿಸುತ್ತ.

ಸುತ್ತ ಓಡಬೇಕು. ಸೀಟಿ ಊದಿದ ಕೂಡಲೆ
ನಾನು ಕೂಗಿದಷ್ಟು ಜನ ಕೈಕೈ ಹಿಡಿಯಬೇಕು.
ಉಳಿದವರು ಔಟು. ಅಷ್ಟೇ ಆಟ.

"ಏಳು!" ಅನ್ನುತ್ತೇನೆ.
ಸುಸ್ತಾಗಿ ಕೂತ ತನುಷ್ ಎದ್ದು ನಿಲ್ಲುತ್ತಾನೆ.
ನಿನಗಲ್ಲವೋ, ಅದು ಲೆಕ್ಕದ ಏಳು.
"ಹತ್ತು!" ಅನ್ನುತ್ತೇನೆ.
ರುಮಾನಾ, ಅವಳ ಹಿಂದೆ ನಾಲ್ವರು
ನೇರಳೆ ಮರ ಹತ್ತುತ್ತಾರೆ, ಬೇಕಂತಲೇ.
"ಆರು!" ಅಂದರೆ ಅಲ್ವಿನ್
ಸ್ವೆಟರ್ ಬಿಚ್ಚಿ ಬೇಲಿಗೆ ಹರವುತ್ತಾನೆ,
"ಆರಲಿ ಬಿಡಿ ಟೀಚರ್."
ಅಂಕಿಗಳಿಗೇ ಕಾಲು ಬಂದರೆ
ನಾನಾದರೂ ಏನು ಮಾಡಲಿ?

ಅದರ ಮೇಲೆ ಹನ್ನೊಂದು
ಮಹಾ ತಲೆಹರಟೆ ಸಂಖ್ಯೆ.
ಎರಡು ಅನ್ನಿ, ಮೂರು ಅನ್ನಿ, ಐದು ಅನ್ನಿ,
ಯಾರಾದರೂ ಉಳಿದೇ ಉಳಿಯುತ್ತಾರೆ.
ಉಳಿಯುವವಳು ಗಹನ.
ಎರಡನೇ ಕ್ಲಾಸು. ನಿಧಾನದವಳಲ್ಲ,
ಓಟದಲ್ಲಿ ಐದನೆಯವರನ್ನೂ ಹಿಂದೆ ಹಾಕುತ್ತಾಳೆ.
ಸೀಟಿ ಊದಿದಾಗ ಮಾತ್ರ
ಕೈ ಒಂಚೂರು ಮುಂದೆ ಮಾಡಿ ನಿಲ್ಲುತ್ತಾಳೆ,
ಬಸ್ಸಿಗೆ ಕೈ ಮಾಡಿದ ಹಾಗೆ.
ತುಂಬಿದ ಬಸ್ಸುಗಳು
ನಿಲ್ಲಿಸದೆ ಹೋಗುತ್ತವೆ.

ಒಂದು ದಿನ ನಾನೇ ಓಡಿ ಸೇರಿದೆ,
ಹನ್ನೆರಡಾಗಲಿ ಅಂತ.
ಟೀಚರ್ ಆಡುವ ಹಾಗಿಲ್ಲ, ಅಂದಳು ನಾಗಶ್ರೀ.
ಅಡುಗೆಯ ಹಾಲಮ್ಮನನ್ನು ಕರೆದೆ.
ಸೌಟು ಹಿಡಿದೇ ಬಂದಳು, ಎರಡು ಸುತ್ತು ಓಡಿದಳು,
"ಬೇಳೆ ಸೀದೋಗ್ತದೆ ಮಾರಾಯ್ತಿ!"
ಮತ್ತೆ ಹನ್ನೊಂದು.

ಶುಕ್ರವಾರ, ಸೀಟಿ ತುಟಿಗಿಡುವ ಮೊದಲು
ಗಹನ ನನ್ನ ಸೆರಗು ಜಗ್ಗಿದಳು.
"ಟೀಚರ್, ಒಂದು ಅನ್ನಿ."
"ಎಂತ ಒಂದು?"
"ಒಂದು ಅಂತ ಕೂಗಿ. ಸುಮ್ನೆ ಕೂಗಿ."

ಕೂಗಿದೆ.
ಅಭ್ಯಾಸಕ್ಕೆ ಹಿಡಿದ ಕೈಗಳನ್ನು
ಒಬ್ಬೊಬ್ಬರೇ ಬಿಟ್ಟರು.
ಚಿರಾಗ್ ಒಬ್ಬನಿಗಾಗಿ ಅತ್ತಿತ್ತ ಹುಡುಕಿ
ಆ ಒಬ್ಬ ತಾನೇ ಅಂತ ಹೊಳೆದು
ತನ್ನನ್ನೇ ತಬ್ಬಿಕೊಂಡ.
ರುಮಾನಾ ತನ್ನ ಎಡಗೈಯನ್ನು
ಬಲಗೈಯಲ್ಲಿ ಹಿಡಿದಳು.
ಇಳಿಜಾರಿನ ತುಂಬ ಹನ್ನೊಂದು ಗುಂಪು.
ಔಟಾದವರು ಯಾರೂ ಇಲ್ಲ.
ನಡುವೆ ಗಹನ, ಕೈ ಚಾಚದೆ,
ಸೆಕೆ ಅಂತ ಸ್ವೆಟರಿನ ಗುಂಡಿ ಬಿಚ್ಚುತ್ತಿದ್ದಳು.

ಮುಂದೇನು ಅಂತ ಪುಸ್ತಕದಲ್ಲಿಲ್ಲ.
ಸ್ವಲ್ಪ ಹೊತ್ತು ಹಾಗೇ ನಿಂತೆವು.
ಹಾಲಮ್ಮ ಒಗ್ಗರಣೆ ಹಾಕಿದ್ದು
ಸ್ಪಷ್ಟ ಕೇಳಿತು.

ಆಮೇಲೆ ಭಾಗಾಕಾರ. ಐದೂ ತರಗತಿಗೆ ಒಂದೇ ಕೋಣೆ.
ಹನ್ನೊಂದನ್ನು ಒಂದರಿಂದ ಭಾಗಿಸಿ, ಅಂದೆ.
ಶೇಷ?
"ಸೊನ್ನೆ!" ಅಂತ ಚೀರಿದರು,
ಹಂಚು ಹಾರಿಹೋಗುವಷ್ಟು.
ಗಹನ ಮಾತ್ರ ಎದ್ದು
ಕಿಟಕಿಯಾಚೆ ಬೆರಳು ತೋರಿದಳು:
"ಟೀಚರ್, ಬೇಲಿ ಮೇಲೆ
ಅಲ್ವಿನಂದು ಸ್ವೆಟರ್ ಉಳಿದದೆ."