ಕೆಂಪು ದಡಿ

ಗುಳೇದಗುಡ್ಡದ ಸರ್ಕಾರಿ ದವಾಖಾನೆಯಲ್ಲಿ
ನನ್ನದು ಔಷಧದ ಕಿಟಕಿ. ಒಂದು ಮೊಳ ಅಗಲ, ಮೂರು ಸರಳು.
ಸರಳಿನಾಚೆ ದಿನಕ್ಕೆ ಇನ್ನೂರು ಅಂಗೈ.
ಮುಖಕ್ಕಿಂತ ಮೊದಲು ನನಗೆ ಅಂಗೈಯೇ ಪರಿಚಯ:
ಬಣ್ಣ ಹತ್ತಿದ್ದು, ಸುಣ್ಣ ಹತ್ತಿದ್ದು,
ಲಾಳಿ ಒಗೆದೊಗೆದು ಹೆಬ್ಬೆರಳ ಬುಡ ಗಟ್ಟಿಯಾದದ್ದು.

ಈ ಗಟ್ಟಿ ಹೆಬ್ಬೆರಳು ದಾನವ್ವ ಉಂಕಿಯದು.
ಸೆರಗಿನ ಗಂಟು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲೆ
ಹೋದ ತಿಂಗಳ ಗುಳಿಗೆ ಹರವಿದಳು.
ಐದು ದಿನದ ಹದಿನೈದರಲ್ಲಿ
ಒಂಬತ್ತು ಹಾಗೇ ಇವೆ.

"ಯಾಕವ್ವ, ನುಂಗಲಿಲ್ಲ?"

ಪಟ್ಟಿ ತಿರುವಿದಳು. ಬೆನ್ನಿನ ಮೇಲೆ, ಅಂಚಿಗೆ ಹತ್ತಿ,
ಮೇಲಿಂದ ಕೆಳಗೆ ಒಂದು ಕೆಂಪು ಗೆರೆ.
"ದಡಿ ಐತಲ್ರಿ ಇದಕ್ಕ," ಎಂದಳು,
ನನಗೇ ಅಷ್ಟು ತಿಳಿಯದೇನೋ ಎಂಬಂತೆ.
"ಉಳದ ಗುಳಿಗಿ ಬೋಳು. ದಡಿ ಇದ್ದದ್ದು ತುಟ್ಟೀದು.
ಎರಡ ದಿನಕ್ಕ ಜ್ವರ ಇಳೀತು. ಮಿಕ್ಕದ್ದು
ಟ್ರಂಕಿನ್ಯಾಗ, ಖಣದ ಮಡಿಕ್ಯಾಗ ಇಟ್ಟೆ.
ಓಣ್ಯಾಗ ಯಾರಿಗರೆ ಭಾಳ ಆತಂದ್ರ ಬೇಕಲ್ರಿ."

ಎರಡು ವರ್ಷ ಕಾಲೇಜಿನಲ್ಲಿ ನಾನು ಕಲಿತ ಗೆರೆ ಅದು:
ಡಾಕ್ಟರ ಮಾತಿಲ್ಲದೆ ಮುಟ್ಟಬಾರದು.
ಎಳೆದವರು ಎಲ್ಲೋ ಕೂತು ಎಳೆದರು,
ಕೆಂಪೆಂದರೆ ಎಲ್ಲರೂ ನಿಲ್ಲುತ್ತಾರೆ ಎಂದುಕೊಂಡರು.
ಸಿಗ್ನಲ್ಲಿನ ಕಂಬ ನೋಡಬೇಕೆಂದರೆ
ನಾವು ಬಾಗಲಕೋಟೆಯ ಬಸ್ಸು ಹತ್ತಬೇಕು.
ಇಲ್ಲಿ ಕೆಂಪೆಂದರೆ ಕುಪ್ಪಸ, ಕೆಂಪೆಂದರೆ ಉಡಿ ತುಂಬುವುದು,
ಕೆಂಪೆಂದರೆ ಒಳ್ಳೆಯ ದಿನಕ್ಕೆ ತೆಗೆದಿಡುವುದು.

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ
ಇನ್ನೊಂದು ತುಣುಕು ತೆಗೆದಳು. ನಾಲ್ಕೇ ಗುಳಿಗೆ,
ನನ್ನದೇ ಕತ್ತರಿ ಹಾಯ್ದದ್ದು.
"ಇದರಾಗ ಏನ್ ಬರದೈತಿ, ಓದ್ರಿ ಅಕ್ಕಾರ."

ಓದಿದೆ. ಇಂಗ್ಲಿಷಿನ ಮೂರು ಬಾಲ, ಎರಡು ತಲೆ.
ನಿದ್ದೆ ಬರುತ್ತದೆ ಎಂಬುದರ ಅರ್ಧ.
ಮುಗಿಯುವ ತಿಂಗಳು ಇತ್ತು, ವರ್ಷ
ಮತ್ಯಾರದೋ ಮನೆಗೆ ಹೋಗಿತ್ತು.
ನಾನು ಓದು ಬಲ್ಲವಳು. ನನಗೂ ಓದಲಾಗಲಿಲ್ಲ.

"ಕತ್ತರಸೋ ಮುಂದ ಆನಿ ಹೆಜ್ಜಿ ಅರ್ಧ ಆದ್ರ
ಆ ಖಣ ನಾವು ಮಾರೂದಿಲ್ರಿ," ಎಂದಳು.
ಬೈದದ್ದಲ್ಲ. ಕಸುಬಿನವರು
ಕಸುಬಿನವರಿಗೆ ಹೇಳಿದ ಹಾಗೆ.

ಆ ಸುಣ್ಣದ ಅಂಗೈ ನೆನಪಾಯಿತು, ಬಸಲಿಂಗನದು.
ಇಂಥದೇ ನಾಲ್ಕು ಗುಳಿಗೆ ಒಯ್ದವ,
ಒಂದು ನುಂಗಿ ಏಣಿ ಹತ್ತಿದ್ದ.
ಬಿದ್ದ ಎಂದಷ್ಟೇ ಬರೆದುಕೊಂಡರು.
ಕತ್ತರಿಯನ್ನು ಯಾರೂ ಏನೂ ಕೇಳಲಿಲ್ಲ.

ಮರು ಸೋಮವಾರ ದಾನವ್ವ ಬಂದದ್ದು
ಕಂಡಿಕೆಯಲ್ಲಿ ಉಳಿದ ಎಳೆಗಳೊಂದಿಗೆ.
ಹಳದಿ ಮುಂಜಾನೆಗೆ, ಕರಿದು ರಾತ್ರಿಗೆ,
ಉಂಡ ಮೇಲಿನದಕ್ಕೆ ಎರಡು ಗಂಟು.
"ತೂಕಡಿಕಿ ಬರೋದಕ್ಕ ಸಡ್ಲ ಗಂಟು ಹಾಕ್ರಿ, ತಾನ ತಿಳೀತೈತಿ."
ನಡುವೆ ಬಿಡಬಾರದ್ದಕ್ಕೆ ಪಟ್ಟಿಯುದ್ದ ಒಂದೇ ಎಳೆ,
ಕೊನೆಯ ಗುಳಿಗೆಗೆ ಸುತ್ತಿ.
"ಹಾಸು ಅರ್ಧಕ್ಕ ಬಿಟ್ರ ಏನಾಕ್ಕೈತಿ,
ನಮಗೇನ್ ಹೇಳಬೇಕಾಗಿಲ್ರಿ."

"ಮತ್ತೊಬ್ಬರಿಗೆ ಕೊಡಬೇಡ, ಅನ್ನೋದಕ್ಕೆ?"

ಎಳೆಗಳನ್ನು ಬೆರಳಲ್ಲಿ ತಿರುವಿದಳು, ಬಹಳ ಹೊತ್ತು.
ಇದ್ದದ್ದು ಹಂಚಿಕೊಳ್ಳಬೇಡ ಎನ್ನುವ ಬಣ್ಣ
ಅವಳ ಓಣಿಯ ಯಾವ ಮಗ್ಗದಲ್ಲೂ ಇರಲಿಲ್ಲ.
"ಅದಕ್ಕ ಎಳಿ ಇಲ್ರಿ. ಅದನ್ನ ಬಾಯಿಲೇ ಹೇಳ್ರಿ."

ಸಾಲು ಸರಿಯಿತು. ಮುಂದಿನವ ಅಲ್ಲೀಸಾಬ,
ಪವರ್‌ಲೂಮಿನ ಮೂವತ್ತು ವರ್ಷ
ಎರಡೂ ಕಿವಿ ತಿಂದುಹಾಕಿವೆ.
ಕತ್ತರಿ ಡ್ರಾವರಿನೊಳಗಿಟ್ಟು
ಸರಳಿಗೆ ಮುಖ ತಂದೆ.
ಅವನು ಕನ್ನಡಕ ಏರಿಸಿಕೊಂಡು
ನನ್ನ ತುಟಿ ಓದಲು ನಿಂತ.