ಉತ್ತರ

ಮೂರು ದಿನ ಬರೆದದ್ದು ನಾನೇ, ನನ್ನದೇ ಕೈಬರಹ:
ನೋವಿದೆಯೇ? ಉತ್ತರವಿಲ್ಲ.
ನೀರು ಬೇಕೇ? ಉತ್ತರವಿಲ್ಲ.
ನಿದ್ದೆ ಬಂತೇ? ಉತ್ತರವಿಲ್ಲ.
ಕೆಳಗೆ ಸಹಿ: ಗಿಸ್ಲೇನ್, ಹಗಲು ಪಾಳಿ,
ಆರನೆಯ ಮಹಡಿ, ಒಟ್ಟಾವಾ.

ಮರವೇ ಬೆಳೆಯದ ಹಿಮದ ಊರಿಂದ
ಎರಡು ವಿಮಾನ ಬದಲಿಸಿ ಬಂದಿದ್ದಳು ಊಲಾಯು,
ಎಂಬತ್ತೊಂದು ವರ್ಷ, ಪಕ್ಕೆಯೊಳಗೆ ನೀರು.
ಕಿಟಕಿಯಾಚೆ ಸೊನ್ನೆಗಿಂತ ಇಪ್ಪತ್ತು ಕೆಳಗೆ,
ಈಚೆ ಹೀಟರು. ಅವಳಿಗೆ ಬೆವರು.
ನಾನು ಇನ್ನೊಂದು ಕಂಬಳಿ ಹೊದಿಸಿದೆ.

ಕಿವುಡೇನೋ ಎಂದು ದನಿ ಏರಿಸಿದೆ.
ಅವಳು ಹುಬ್ಬೇರಿಸಿದಳು.
ಅಬ್ಬಾ ಜಂಭವೇ, ಅಂದುಕೊಂಡೆ.
ಅದನ್ನೂ ಹಾಳೆಯಲ್ಲಿ ಬರೆಯಬೇಕಿತ್ತು, ಬರೆಯಲಿಲ್ಲ.

ನಾಲ್ಕನೆಯ ಬೆಳಗ್ಗೆ ಪಾಳಿ ಬದಲಾಗುವಾಗ
ಇಲೊಯಿಲೊ ಊರಿನ ನೆನಿಟಾ, ಊದಿದ ಕಾಲು ನೀವಿಕೊಳ್ಳುತ್ತ,
ಹಾಳೆ ತಿರುವಿ ನಕ್ಕಳು:
ಉತ್ತರವಿಲ್ಲವಾ? ರಾತ್ರಿಯೆಲ್ಲ ಹೌದು ಹೌದು ಅಂತಾಳಲ್ಲೇ,
ಹುಬ್ಬಲ್ಲಿ!
ನಮ್ಮಮ್ಮನೂ ಹಾಗೇ. ಮೀನು ಸಂತೆಯಲ್ಲಿ
ಬಾಯಿ ಬಿಟ್ಟು ಹೌದು ಅಂದವಳೇ ಅಲ್ಲ.

ಕೂದಲೆಳೆ ಎತ್ತರದ ಒಂದು ಹೌದು.
ಮೂರು ದಿನ, ನೋವು ಹೌದು, ಬಾಯಾರಿಕೆ ಹೌದು,
ನಾನು ಅವಳ ಬಾಯನ್ನೇ ನೋಡುತ್ತಿದ್ದೆ.

ಅಂದಿನಿಂದ ನೆನಿಟಾ ಪಂಡಿತೆ,
ಹಣೆ ನೋಡಿ, ಹಣೆ, ಎಂದು ವಾರ್ಡಿಗೆಲ್ಲ ಪಾಠ.
ಆದರೆ ಮೂಗು?
ಮಣಿಕಟ್ಟಿಗೆ ನಂಬರಿನ ಪಟ್ಟಿ ಹಿಡಿದಾಗಲೆಲ್ಲ
ಮುದುಕಿ ಮೂಗು ಮುರಿಯುತ್ತಾಳೆ.
ಔಷಧಿ ವಾಸನೆ ಇರಬೇಕು, ಎಂದಳು ನೆನಿಟಾ.
ಪಟ್ಟಿ ಬಿಗಿ ಇರಬೇಕು ಎಂದು ನಾನು ಒಂದು ತೂತು ಸಡಿಲಿಸಿದೆ.
ಇಬ್ಬರದೂ ತಪ್ಪು.

ಗುರುವಾರ ದುಭಾಷಿ ಬಂದ, ಜೊಅನಸಿ, ಮೀಸೆ ಮೂಡದ ಹುಡುಗ,
ಬೂಟಿನ ಹಿಮ ಬಾಗಿಲಲ್ಲೇ ಕೊಡವಿ.
ಮೂಗು ಅಂದರೆ ಬೇಡ, ಎಂದ,
ಇಷ್ಟೂ ಗೊತ್ತಿಲ್ಲವೇ ಎಂಬ ಕೊಂಕಿಲ್ಲದೆ.
ಆಮೇಲೆ ಅವಳು ಬಹಳ ಹೊತ್ತು ಮಾತಾಡಿದಳು.
ಅವನು ಕೊಂಚವೇ ಹೇಳಿದ:
ಚಿಕ್ಕಂದಿನಲ್ಲಿ ಕೊರಳಿಗೆ ಸರ್ಕಾರದ ಬಿಲ್ಲೆ,
ಹೆಸರಿದ್ದ ಜಾಗದಲ್ಲಿ ಅಂಕಿ.
ಕೆಮ್ಮುತ್ತಿದ್ದ ತಾಯಿಯನ್ನು ಹಡಗಿನಲ್ಲಿ ದಕ್ಷಿಣಕ್ಕೆ ಒಯ್ದರು.
ಬಿಲ್ಲೆ ಕೂಡ ತಿರುಗಿ ಬರಲಿಲ್ಲ.

ಪಟ್ಟಿ ಇಲ್ಲದೆ ಔಷಧಿ ಕೊಡುವಂತಿಲ್ಲ, ನಿಯಮ ನಿಯಮವೇ.
ಬಿಳಿ ಟೇಪಿನ ಮೇಲೆ ಜೊಅನಸಿ ಅವಳ ಹೆಸರನ್ನು
ಅವಳ ಲಿಪಿಯಲ್ಲಿ ಬರೆದ, ಕೋನ, ಕೊಕ್ಕೆ, ಚುಕ್ಕಿ.
ನಂಬರಿನ ಪಕ್ಕದಲ್ಲಿ, ನಂಬರಿಗಿಂತ ದೊಡ್ಡದಾಗಿ ಅಂಟಿಸಿ
ಇದಾದರೆ? ಎಂದೆ.
ಹುಬ್ಬು ಅಲುಗಲಿಲ್ಲ. ಮೂಗೂ ಅಲುಗಲಿಲ್ಲ.
ಹೀಟರು ಗೊಣಗಿತು.
ಕೊನೆಗೆ ಬಲಗೈ ಅಲ್ಲ, ಎಡಗೈ ಚಾಚಿದಳು.

ಶನಿವಾರ ಮಗಳು ಬಂದಳು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ
ಹೆಪ್ಪುಗಟ್ಟಿದ ಹಸಿ ಮೀನು, ಅರ್ಧಚಂದ್ರದ ಚೂರಿ.
ಚೂರಿಗೆ ಮಾರ್ಫಿನ್ನಿನ ಬೀರುವಿನಲ್ಲಿ ಜಾಗ ಮಾಡಿದೆ;
ಊಟದ ಹೊತ್ತಿಗೆ ಸಹಿ ಹಾಕಿ ತೆಗೆಯುವುದು, ತೊಳೆದು ಒಳಗಿಡುವುದು.
ನೆಲದ ಮೇಲೆ ರಟ್ಟು ಹಾಸಿ, ಕೊಳವೆ ಸಮೇತ ಕೂತು,
ಊಲಾಯು ನನಗೂ ಒಂದು ತುಂಡು ನೀಡಿದಳು,
ನಸುಗೆಂಪು, ಅಂಚಿನಲ್ಲಿ ಹಿಮದ ಹರಳು.

ಹೇಳಿಬಿಡುತ್ತೇನೆ: ಮೂಗು ಮುರಿದೆ.
ಬೇಕೆಂದಲ್ಲ, ತಾನಾಗಿ ಮುರಿಯಿತು.
ಸತ್ತೆ ಎಂದುಕೊಂಡೆ. ಅವಳೋ
ಪಕ್ಕೆಯ ಕೊಳವೆ ಕುಲುಕುವಷ್ಟು ನಕ್ಕಳು,
ಮಗಳಿಗೆ ನನ್ನ ತೋರಿಸಿ ತೋರಿಸಿ:
ನೋಡೇ, ಇವಳಿಗೆ ನಮ್ಮ ಮಾತು ಬಂತು!

ಬಿಡುಗಡೆಯ ದಿನ ಹಾಳೆಯ ಕೊನೆಯಲ್ಲಿ ಒಂದು ಖಾನೆ,
ಎಲ್ಲಿಗೆ?
ಊರಿನ ಹೆಸರಿನ ಕಾಗುಣಿತ ನನಗೆ ಬಾರದು.
ಉತ್ತರ, ಎಂದಷ್ಟೇ ಬರೆದು
ಸಹಿ ಹಾಕಿದೆ.